ಹಿಮದ ಲಾರಿಗೊಂದು ಬುತ್ತಿ

ನಮ್ಮ ಮನೆಯಿರುವ ಕ್ಯುಪರ್ಟಿನೋದಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲದ ಒಂದೆರಡು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ನನ್ನ ಗಂಡ ಹಳೆಯ ಕ್ರೆಡಿಟ್ ಕಾರ್ಡಿನಲ್ಲಿ ಅದನ್ನು ಕೆರೆದು ಆಫೀಸಿಗೆ ಹೋಗುತ್ತಾರೆ, ಅಷ್ಟೇ. ಎಲ್ಲೋ ಅಪರೂಪಕ್ಕೆ ಪಕ್ಕದ ಸರಟೋಗಾದ ಹಿಂದಿನ ಗುಡ್ಡಗಳ ನೆತ್ತಿ ಬೆಳ್ಳಗಾದರೆ ಇಡೀ ಊರು ಫೋನು ಎತ್ತಿ ಫೋಟೋ ತೆಗೆಯುತ್ತದೆ. ಹಾಗಾಗಿ ರಸ್ತೆಯ ಮೇಲಿನ ಹಿಮವನ್ನು ಯಾರು ತೆಗೆಯುತ್ತಾರೆ, ಯಾವ ರಸ್ತೆ ಮೊದಲು, ಯಾವುದು ಕೊನೆಗೆ ಎಂಬ ವಿಚಾರವೆಲ್ಲ ನನ್ನ ತಲೆಗೆ ಬಂದದ್ದೇ ಇಲ್ಲ. ಬಂದದ್ದು ನನ್ನ ಮಾವನವರ ವರ್ಷದ ತಿಥಿಯ ದಿನ.

ಮಾವ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಊರು ಮಂಡ್ಯದ ಕಡೆಯ ಒಂದು ಹಳ್ಳಿ. ನನ್ನ ಗಂಡ ಅವರಿಗೆ ಒಬ್ಬನೇ ಮಗ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ನಾವು ಇಲ್ಲಿಗೆ ಕರೆದುಕೊಂಡು ಬಂದೆವು. ನಾನು ಹುಬ್ಬಳ್ಳಿಯವಳು, ಬಾಯಿ ಸ್ವಲ್ಪ ಜೋರು. ಅತ್ತೆಯದು ನನ್ನದಕ್ಕಿಂತ ಜೋರು. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರ ನಡುವೆ ಸಿಕ್ಕಿ ನನ್ನ ಗಂಡ ಹೈರಾಣಾಗಿದ್ದರು. ಬರಬರುತ್ತಾ ನಾವಿಬ್ಬರೂ ಒಂದೇ ಪಕ್ಷವಾದೆವು, ಅವರೊಬ್ಬರು ವಿರೋಧ ಪಕ್ಷದಲ್ಲಿ ಉಳಿದರು.

ಆದರೆ ಮಾವ ಹೋದ ಮೇಲೆ ಅತ್ತೆಯ ಆ ಜೋರು ಇಳಿದುಹೋಗಿತ್ತು. ನಮ್ಮೆದುರು ಅತ್ತದ್ದಿಲ್ಲ, ಹಳೆಯದನ್ನು ಹೇಳಿಕೊಂಡದ್ದಿಲ್ಲ. ಕೊಟ್ಟದ್ದನ್ನು ಉಣ್ಣುವುದು, ಟಿವಿ ಮುಂದೆ ಕೂರುವುದು, ಸಂಜೆ ನನ್ನ ಜೊತೆ ಪಾರ್ಕಿಗೆ ಒಂದು ಸುತ್ತು. ಬೈಯದ ಅತ್ತೆಯನ್ನು ಕಂಡು ಖುಷಿಪಡಬೇಕಾದ ನಾನು ಹೆದರಿದ್ದೆ. ಅವರು ಬಾಯಿಬಿಟ್ಟು ಕೇಳಿದ್ದು ಎರಡೇ. ಒಂದು, ಯಜಮಾನರ ವರ್ಷದ ತಿಥಿ ಚೆನ್ನಾಗಿ ಆಗಬೇಕು. ಇನ್ನೊಂದು, ಟಿವಿಯಲ್ಲಿ ತೋರಿಸುವ ಆ ಹಿಮವನ್ನು ಒಂದು ಸಲ ಮುಟ್ಟಿ ನೋಡಬೇಕು.

ಎರಡೂ ಒಂದೇ ವಾರಕ್ಕೆ ಕೂಡಿಬಂದವು. ಅತ್ತೆ ಮಂಡ್ಯದಿಂದ ಸುರುಳಿ ಸುತ್ತಿಕೊಂಡು ತಂದಿದ್ದ ಗೋಡೆ ಕ್ಯಾಲೆಂಡರು ನಮ್ಮ ಫ್ರಿಜ್ಜಿನ ಪಕ್ಕ ತೂಗುತ್ತಿತ್ತು. ಅದರ ಪ್ರಕಾರ ತಿಥಿ ಮಂಗಳವಾರ. ಸೋಮವಾರ ರಜೆಯಿದ್ದ ಲಾಂಗ್ ವೀಕೆಂಡು, ಮಗಳೂ ಕಾಲೇಜಿನಿಂದ ಮನೆಗೆ ಬಂದಿದ್ದಳು. ಶನಿವಾರ ತಾಹೋ ಸರೋವರದ ಕಡೆ ಹೋಗಿ ಅತ್ತೆಗೆ ಹಿಮ ತೋರಿಸುವುದು, ಸೋಮವಾರ ರಾತ್ರಿ ವಾಪಸು, ಮಂಗಳವಾರ ಗಂಡ ಆಫೀಸಿಗೆ ರಜೆ ಹಾಕಿ ತಿಥಿ ಮಾಡುವುದು ಎಂದು ಗೊತ್ತಾಯಿತು. ಡ್ಯಾನ್‌ವಿಲ್ಲಿನಲ್ಲಿರುವ ನಮ್ಮ ಪರಿಚಯದ ಎರಡು ಮನೆಯವರನ್ನು ಅಂದಿನ ಊಟಕ್ಕೂ ಕರೆದಿದ್ದೆವು.

ತಾಹೋದ ಹತ್ತಿರ ಒಂದು ಸಣ್ಣ ಊರಿನ ಗುಡ್ಡದ ಮೇಲೆ, ಮುಂದೆ ದಾರಿಯಿಲ್ಲದ ಒಂದು ಓಣಿಯಲ್ಲಿ ಮರದ ಮನೆ ಬಾಡಿಗೆಗೆ ಸಿಕ್ಕಿತ್ತು. ಓಣಿಯ ಉಳಿದ ಮನೆಗಳೆಲ್ಲ ಬೇಸಿಗೆಯಲ್ಲಿ ಬಂದುಹೋಗುವವರ ಮನೆಗಳು, ಬೀಗ ಹಾಕಿದ್ದವು. ಅತ್ತೆ ಮೂರು ದಿನದ ಪ್ರವಾಸಕ್ಕೆ ರಾಗಿಹಿಟ್ಟು, ಹುರುಳಿಕಾಳು, ಶಾವಿಗೆ, ಬೆಲ್ಲ, ಹುಚ್ಚೆಳ್ಳು ಚಟ್ನಿಪುಡಿ ಎಲ್ಲ ಗಂಟು ಕಟ್ಟಿಸಿದ್ದರು. "ಅತ್ತೀ, ಅಲ್ಲೇನ ಹೊಸಾ ಸಂಸಾರ ಹೂಡಾವ್ರದೀರೇನ?" ಎಂದು ನಾನು ರೇಗಿಸಿದ್ದೆ. ಭಾನುವಾರ ಬೆಳಿಗ್ಗೆ ಅಂಗಳದ ಹಿಮದಲ್ಲಿ ಕೈಯಿಟ್ಟು, ಒಂದು ಹಿಡಿ ಎತ್ತಿ, "ಇಷ್ಟೇನಾ? ನಮ್ ಫ್ರಿಜ್ನಾಗೂ ಐತಲ್ಲ" ಅಂದರು. ಹಾಗೆಂದರೂ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಲಿಲ್ಲ.

ಭಾನುವಾರ ಸಂಜೆ ನಮ್ಮ ಪುರೋಹಿತರ ಫೋನು ಬಂತು. ಮಂಗಳವಾರಕ್ಕೆ ಏನೇನು ಸಾಮಾನು ಬೇಕು ಎಂದು ಗಂಡ ಮೆಸೇಜು ಹಾಕಿದ್ದರು. ಅವರು ಅದನ್ನು ನೋಡಿ ಗಾಬರಿಯಾಗಿದ್ದರು.

"ಮಂಗಳವಾರ ಅಂತ ಯಾರು ಹೇಳಿದ್ದು ನಿಮಗೆ?"

"ಕ್ಯಾಲೆಂಡರು ನೋಡಿದ್ವಿ."

"ಯಾವ ಕ್ಯಾಲೆಂಡರು?"

"ಅಮ್ಮ ಊರಿಂದ ತಂದದ್ದು," ಎಂದರು ನನ್ನ ಗಂಡ. ಪುರೋಹಿತರಿಗೆ ಅಷ್ಟೇ ಸಾಕಾಯಿತು. "ಸ್ವಾಮಿ, ಅದು ಬೆಂಗಳೂರಿನ ಲೆಕ್ಕ. ಅಲ್ಲಿ ಮಂಗಳವಾರ ಬೆಳಗಾದಾಗ ನಮಗಿಲ್ಲಿ ಸೋಮವಾರ ಸಂಜೆ. ನಮಗೆ ಮಂಗಳವಾರ ಬೆಳಕು ಹರಿಯೋಷ್ಟರಲ್ಲಿ ತಿಥಿ ಮುಗಿದೇ ಹೋಗಿರುತ್ತೆ. ನಾಳೇನೇ ಮಾಡಬೇಕು."

ನನ್ನ ಗಂಡ ದಿನಬೆಳಗಾದರೆ ಬೆಂಗಳೂರಿನ ಟೀಮಿನ ಜೊತೆ ಮೀಟಿಂಗು ಮಾಡುವವರು. ಅಲ್ಲಿ ಎಷ್ಟು ಗಂಟೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಆದರೆ ತಿಥಿಗೂ ಟೈಮ್ ಝೋನಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅತ್ತೆ ಎಲ್ಲ ಕೇಳಿಸಿಕೊಂಡು, "ಸೂರ್ಯ ಎಲ್ಲೋದ್ರೂ ಒಬ್ನೇ ಅಲ್ವೇನ್ಲಾ?" ಎಂದರು. ಮಗ ಫೋನಿನಲ್ಲಿ ಬೆಳಗಿನ ಅಲಾರಂ ಇಟ್ಟರು.

ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಮನೆ ಸೇರುವುದೆಂದು ಮಲಗಿದೆವು. ಎದ್ದು ಪರದೆ ಸರಿಸಿದರೆ ನಮ್ಮ ಕಾರು ಇರಲಿಲ್ಲ. ಇತ್ತು, ಕಾಣುತ್ತಿರಲಿಲ್ಲ. ಓಣಿಯೂ ಇರಲಿಲ್ಲ. ರಸ್ತೆಯ ಅಂಚು ತೋರಿಸಲು ನೆಟ್ಟಿದ್ದ ಉದ್ದ ಕೋಲುಗಳ ತುದಿ ಮಾತ್ರ ಹೊರಗೆ ನಿಂತಿತ್ತು. ಕೆಳಗಿನ ಫ್ರೀವೇಯನ್ನೂ ಮುಚ್ಚಿದ್ದಾರೆ ಎಂದು ಮಗಳು ಫೋನಿನಲ್ಲಿ ನೋಡಿ ಹೇಳಿದಳು.

ನಾನು ಊರೊಳಗೆ ಇದ್ದ ಮನೆಯೊಡತಿಗೆ ಫೋನು ಹಚ್ಚಿ ಸ್ವಲ್ಪ ಜೋರಾಗಿಯೇ ಕೇಳಿದೆ, ನಮ್ಮ ರಸ್ತೆ ಯಾವಾಗ ತೆಗೆಯುತ್ತಾರೆ ಎಂದು. ಆಕೆ ತಾಳ್ಮೆಯಿಂದ ವಿವರಿಸಿದಳು. ಹಿಮ ತೆಗೆಯುವ ಊರಿನ ಲಾರಿಗಳು ಬೆಳಕಾಗುವ ಮೊದಲೇ ರಸ್ತೆಗೆ ಇಳಿದಿವೆ. ಮೊದಲು ಆಸ್ಪತ್ರೆ ಮತ್ತು ಅಗ್ನಿಶಾಮಕದವರ ಮುಖ್ಯರಸ್ತೆ. ಆಮೇಲೆ ಶಾಲೆಯ ಬಸ್ಸು ಓಡಾಡುವ ರಸ್ತೆಗಳು. ಆಮೇಲೆ ಕಡಿದಾದ ಏರುಗಳು. ನಿಮ್ಮಂಥ ಮುಂದೆ ದಾರಿಯಿಲ್ಲದ ಓಣಿಗಳು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ನಾನೂ ಮೇಲೆ ಬರಲಾರೆ. ಮತ್ತೆ ಒಂದು ಮಾತು, ನಿಮ್ಮ ಅಂಗಳದ ಹಿಮವನ್ನು ದಯವಿಟ್ಟು ರಸ್ತೆಗೆ ಎಸೆಯಬೇಡಿ.

ಫೋನಿಟ್ಟ ಮೇಲೆ ಅತ್ತೆಗೆ ಹೇಳಿದೆ, ಹೋಗಲಿಕ್ಕೆ ಆಗುವುದಿಲ್ಲ ಎಂದು. ಅವರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅದ್ಕೇನಂತೆ, ಇಲ್ಲೇ ಎಡೆ ಮಡಗಾನ." ರಾಗಿ ಗಂಟು ಬಿಚ್ಚಿಕೊಂಡಿತು. ನನ್ನ ಗೇಲಿ ಅಲ್ಲಿಗೆ ಮುಗಿಯಿತು. ಆ ಗಂಟನ್ನು ಕಟ್ಟಿಸಿದ ಪುಣ್ಯಾತ್ಗಿತ್ತಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮಧ್ಯಾಹ್ನದ ಹೊತ್ತಿಗೆ ಮುದ್ದೆ, ಹುರುಳಿಕಾಳಿನ ಸಾರು, ಅನ್ನ, ಶಾವಿಗೆ ಪಾಯಸ ಆದವು. ಮಾವನವರ ಫೋಟೋ ಮಗಳ ಫೋನಿನಲ್ಲಿತ್ತು. ಅದನ್ನು ಕೆಟಲಿಗೆ ಒರಗಿಸಿ ನಿಲ್ಲಿಸಿ, ಮುಂದೆ ಎಡೆಯಿಟ್ಟು, ಎಲ್ಲರೂ ಕೈಮುಗಿದೆವು. ನಡುವೆ ಒಮ್ಮೆ ಸ್ಕ್ರೀನು ಆರಿ ಮಾವ ಮಾಯವಾದರು. ಮಗಳು ಓಡಿಬಂದು ಏನೋ ಒತ್ತಿ ಮತ್ತೆ ಬರಿಸಿದಳು. ಮನೆಯ ಹಿಂಬದಿಯ ಮರದ ಜಗಲಿಯ, ಅಂದರೆ ಡೆಕ್ಕಿನ, ಕಟಕಟೆಯ ಮೇಲೆ ಕಾಗೆಗೆಂದು ಇಟ್ಟ ಪಾಲನ್ನು ನೋಡನೋಡುತ್ತಲೇ ಹಿಮ ಮುಚ್ಚಿತು.

ಊಟಕ್ಕೆ ಏಳಿ ಎಂದರೆ ಅತ್ತೆ ಏಳಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ. ತಿಥಿಯ ದಿನ ಎಡೆಯ ಅಡುಗೆಯನ್ನು ಮನೆಗೆ ಸೇರದವರು ಒಬ್ಬರಾದರೂ ಉಣ್ಣಬೇಕು. ಆಮೇಲೆಯೇ ಮನೆಯವರು. ಊರಲ್ಲಾದರೆ ಅದು ಒಂದು ಸಮಸ್ಯೆಯೇ ಅಲ್ಲ, ಬೀದಿಗೆ ಬಂದು ಕೂಗಿದರೆ ಹತ್ತು ಜನ ಬಂದು ಕೂರುತ್ತಾರೆ. ಡ್ಯಾನ್‌ವಿಲ್ಲಿನವರನ್ನು ಕರೆದದ್ದೂ ಅದಕ್ಕೇ. ಈ ಓಣಿಯಲ್ಲಿ ಯಾರನ್ನು ಕರೆಯುವುದು? ನನ್ನ ಗಂಡ ಬೂಟು ಹಾಕಿಕೊಂಡು ಕೆಳಗಿನ ಮನೆಗಳತ್ತ ಹೊರಟರು. ಗೇಟು ದಾಟುವಷ್ಟರಲ್ಲಿ ಸೊಂಟದವರೆಗೆ ಹೂತುಕೊಂಡರು. ಮಗಳು ಹೋಗಿ ಎಳೆದು ತಂದಳು.

"ನೀವ್ ಉಣ್ರಿ," ಅಂದರು ಅತ್ತೆ. "ನಾನು ಕಾಯ್ತೀನಿ."

ಅತ್ತೆಗೆ ಸಕ್ಕರೆ ಕಾಯಿಲೆ. ರಾತ್ರಿ ಊಟವಾದ ಮೇಲೆ ಎಂದಿನ ಮಾತ್ರೆ ಮತ್ತು ನೀರು ಬಿಟ್ಟರೆ ಏನೂ ತೆಗೆದುಕೊಂಡಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅವರ ಹಣೆಯಲ್ಲಿ ಬೆವರು ಕಂಡಿತು. ಹೊರಗೆ ಆ ಚಳಿ, ಒಳಗೆ ಇವರ ಬೆವರು. ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ಆಸ್ಪತ್ರೆಗೆ ಒಯ್ಯೋಣವೆಂದರೆ ರಸ್ತೆಯಿಲ್ಲ. ನನಗೆ ಭಯವಾದಾಗ ಅದು ಸಿಟ್ಟಾಗಿಯೇ ಹೊರಗೆ ಬರುವುದು.

"ಅತ್ತೀ, ಒಂದ್ ಗುಟುಕು ಜ್ಯೂಸರ ಕುಡೀರಿ. ಕೈ ನಡಗಾಕತ್ತಾವು ನೋಡ್ರಿ. ಮಾವನೋರು ಸಿಟ್ಟಾಗಂಗಿಲ್ಲ!"

"ಅವ್ರು ಸಿಟ್ಟಾಗಾಕಿಲ್ಲ ಕಣವ್ವ. ಅವ್ರು ಯಾವತ್ತು ಸಿಟ್ಟಾದೋರು?" ಎಂದರು ಮೆಲ್ಲಗೆ. "ಅದ್ಕೇ ಕಾಯ್ತೀನಿ ಅಂದಿದ್ದು."

ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ಆ ಊರನ್ನು ಬೈದೆ, ಶಾಲೆಯ ಬಸ್ಸನ್ನು ಬೈದೆ, ರಜೆಯ ದಿನ ಶಾಲೆಯ ಬಸ್ಸಿನ ರಸ್ತೆ ಯಾಕೆ ಮೊದಲು ಎಂದು ಕೇಳುವವರಿಲ್ಲವೇ ಎಂದೆ. ಇನ್ನು ಒಂದು ತಾಸು ನೋಡಿ, ಬಾಯಿ ಹಿಡಿದು ಬೆಲ್ಲದ ನೀರು ಹಾಕುವುದೆಂದು ಗಂಡನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಅವರ ಮುಖವೂ ಬಿಳಿಚಿಕೊಂಡಿತ್ತು.

ಆಗ ನೆಲ ಅದುರಿತು. ಆಮೇಲೆ ರಸ್ತೆಯನ್ನು ಕಬ್ಬಿಣ ಕೆರೆಯುವ ಸದ್ದು. ಕಿಟಕಿಯಿಂದ ನೋಡಿದರೆ, ನೆತ್ತಿಯ ಮೇಲೆ ಹಳದಿ ದೀಪ ತಿರುಗಿಸುತ್ತಾ, ಮುಂದೆ ಬಾಗಿದ ದೊಡ್ಡ ಕಬ್ಬಿಣದ ಹಲಗೆ ಕಟ್ಟಿಕೊಂಡ ಲಾರಿ ನಮ್ಮ ಓಣಿಯನ್ನು ಏರಿ ಬರುತ್ತಿತ್ತು. ಬೆಳಗಿನಿಂದ ನಾನು ಬೈದ ಬೈಗುಳವೆಲ್ಲ ಯಾರ ಹೆಸರಿಗಿತ್ತೋ ಅವನೇ ಬಂದಿದ್ದ. ಇಷ್ಟು ಸಂತೋಷದಿಂದ ನಾನು ಯಾವ ನೆಂಟರನ್ನೂ ನೋಡಿಲ್ಲ.

ನನ್ನ ಗಂಡ ಎರಡೂ ಕೈ ಬೀಸುತ್ತಾ ಹೊರಗೆ ಓಡಿದರು. ಲಾರಿ ನಿಂತಿತು, ಕಿಟಕಿಯ ಗಾಜು ಇಳಿಯಿತು. ಉಣ್ಣೆಯ ಟೋಪಿ, ನರೆತ ಗಡ್ಡ, ಐವತ್ತರ ಆಸುಪಾಸಿನ ಮನುಷ್ಯ. ಏನಾದರೂ ಅಪಾಯವಾಗಿದೆಯೇ ಎಂದು ಕೇಳಿದ. ನನ್ನ ಗಂಡ ಏದುಸಿರು ಬಿಡುತ್ತಾ, "ನೋ ನೋ ಸರ್, ಲಂಚ್ ಈಸ್ ರೆಡಿ. ಪ್ಲೀಸ್ ಕಮ್ ಇನ್" ಎಂದರು. ಆತ ಅವರನ್ನೊಮ್ಮೆ, ಬಾಗಿಲಲ್ಲಿ ಶಾಲು ಹೊದ್ದು ನಿಂತ ನನ್ನನ್ನೊಮ್ಮೆ ನೋಡಿದ. ಥ್ಯಾಂಕ್ಸ್, ಆದರೆ ಗಾಡಿ ಬಿಟ್ಟು ಇಳಿಯುವಂತಿಲ್ಲ, ದಯವಿಟ್ಟು ಹಲಗೆಯಿಂದ ದೂರ ನಿಲ್ಲಿ ಎಂದ. ಗಾಜು ಏರಿತು. ಲಾರಿ ಓಣಿಯ ತುದಿಯತ್ತ ಹೋಯಿತು. ಹೋಗುತ್ತಾ ರಸ್ತೆಯ ಹಿಮವನ್ನೆಲ್ಲ ಬಲಕ್ಕೆ ತಳ್ಳಿ, ನಮ್ಮ ಗೇಟಿಗೆ ಅಡ್ಡಲಾಗಿ ಎದೆಮಟ್ಟದ ಗೋಡೆ ಕಟ್ಟಿಹೋಯಿತು.

"ಉಣ್ಣಾಕ ಬಾ ಅಂದ್ರ ಗೋಡಿ ಕಟ್ಟಿ ಹೋದ ನೋಡ್ರಿ!" ಎಂದು ನಾನು ಕೂಗಾಡಿದೆ.

ಹಿಂದಿನಿಂದ ಅತ್ತೆಯ ದನಿ ಬಂತು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಅವ್ನ ಇಳಿ ಅಂದ್ಯೇನ್ಲಾ?" ಎಂದು ಮಗನನ್ನು ಕೇಳಿದರು. ಆ ದನಿಯನ್ನು ನಾವು ಒಂದು ವರ್ಷದಿಂದ ಕೇಳಿರಲಿಲ್ಲ. "ಡ್ಯೂಟಿ ಮ್ಯಾಲಿರೋನ್ನ ಯಾರಾನಾ ಇಳಿ ಅಂತಾರಾ? ಡ್ರೈವರ್ ಮಗ ಆಗಿ ಅಷ್ಟೂ ತಿಳೀಬ್ಯಾಡ್ವಾ ನಿಂಗೆ? ಅವ್ನು ಇಳಿಯಾಕಿಲ್ಲ. ನಾವೇ ಕೊಡ್ಬೇಕು. ಮುಂದ್ಕೆ ದಾರಿ ಇಲ್ಲ ಅಂದ್ರಲ್ಲ, ತಿರುಗ್ಸ್ಕೊಂಡು ಇದ್ರಾಗೇ ಬತ್ತಾನೆ. ಹೆಂಚು ಮಡಗವ್ವ ಒಲೆ ಮ್ಯಾಲೆ."

ಓಣಿಯ ತುದಿಯಲ್ಲಿ ಲಾರಿ ಹಿಂದೆ ಮುಂದೆ ಹೋಗುತ್ತಾ ಹಿಮ ಒತ್ತರಿಸುತ್ತಿತ್ತು. ಅತ್ತೆ ನಿಂತುಕೊಂಡೇ ರಾಗಿರೊಟ್ಟಿ ತಟ್ಟಿದರು. ಮುದ್ದೆ ಸಾರು ಕೊಟ್ಟರೆ ಸ್ಟೀರಿಂಗ್ ಹಿಡಿದವನು ಹೇಗೆ ಉಂಡಾನು? ಒಂದು ಕೈಯಲ್ಲಿ ಹಿಡಿಯುವಂಥದ್ದಾಗಬೇಕು. ಎಡೆಯ ಸಾರಿನ ಹುರುಳಿಕಾಳನ್ನು ಬಸಿದು, ಒಗ್ಗರಣೆ ಹಾಕಿ, ರೊಟ್ಟಿಯೊಳಗೆ ಹರವಿ ಸುರುಳಿ ಸುತ್ತಿ ಫಾಯಿಲು ಸುತ್ತಿದರು. ಪಾಯಸವನ್ನು ಮುಚ್ಚಳವಿರುವ ಕಾಫಿ ಕಪ್ಪಿಗೆ ಹಾಕಿಸಿದರು. ಕೈ ಇನ್ನೂ ನಡುಗುತ್ತಿತ್ತು, ಆದರೆ ರೊಟ್ಟಿ ಒಂದೂ ಹರಿಯಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಸಲಿಕೆ ಹಿಡಿದು ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಸಂದು ಮಾಡಿದರು. ತೆಗೆದ ಹಿಮವನ್ನು, ಮನೆಯೊಡತಿ ಹೇಳಿದಂತೆ, ರಸ್ತೆಗಲ್ಲ, ಅಂಗಳಕ್ಕೇ ಎಸೆದರು.

ಕೊಡಿ, ನಾನು ಕೊಟ್ಟು ಬರುತ್ತೇನೆ ಎಂದೆ. ಅತ್ತೆ ಕೊಡಲಿಲ್ಲ. ಮಗನ ಜಾಕೆಟ್ಟು, ಮೊಮ್ಮಗಳ ಬೂಟು ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ನನ್ನ ತೋಳು ಹಿಡಿದು ರಸ್ತೆಗೆ ಬಂದರು. ಲಾರಿ ಆಗಲೇ ತಿರುಗಿ, ರಸ್ತೆಯ ಆಚೆ ಮಗ್ಗುಲನ್ನು ಕೆರೆಯುತ್ತಾ ಬರುತ್ತಿತ್ತು. ಅತ್ತೆ ಸರಸರ ರಸ್ತೆ ದಾಟಹೊರಟರು. ಊರಿನಲ್ಲಿ ಬಸ್ಸಿನ ಡ್ರೈವರು ಕೂರುವುದು ಬಲಗಡೆ. ಅವರ ಕಾಲು ಅತ್ತಲೇ ಎಳೆಯುತ್ತಿತ್ತು.

"ಅಜ್ಜಿ, ನೋ, ನೋ! ದಿಸ್ ಸೈಡ್!" ಎಂದು ಮಗಳು ಹಿಡಿದು ನಿಲ್ಲಿಸಿದಳು. "ಹೀ ಸಿಟ್ಸ್ ಆನ್ ದ ಲೆಫ್ಟ್."

ಅತ್ತೆ ನಿಂತಲ್ಲೇ ಸ್ವಲ್ಪ ತಿರುಗಿ, ಈಚೆ ಮಗ್ಗುಲಿಗೆ ಸರಿದು, ಕಾಲೂರಿದರು. ಕೈ ಬೀಸಲಿಲ್ಲ, ಕೂಗಲಿಲ್ಲ. ಬುತ್ತಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಸುಮ್ಮನೆ ನಿಂತರು. ಲಾರಿ ಹಲಗೆ ಎತ್ತಿ ನಿಧಾನವಾಯಿತು. ಗಾಜು ಇಳಿಯಿತು. ದಪ್ಪ ಕೈಗವಸಿನ ಕೈಯೊಂದು ಹೊರಗೆ ಬಂತು. ಅತ್ತೆ ತುದಿಗಾಲಲ್ಲಿ ನಿಂತು ಬುತ್ತಿಯನ್ನು ಅದಕ್ಕೆ ಮುಟ್ಟಿಸಿದರು. ಪಾಯಸದ ಕಪ್ಪನ್ನು ನಾನು ಕೊಟ್ಟೆ. ಇಂದು ಆಕೆಯ ಗಂಡನ ನೆನಪಿನ ದಿನ, ಆತನೂ ಡ್ರೈವರಾಗಿದ್ದ, ನೀವು ಉಂಡರೆ ಆಕೆ ಉಣ್ಣುತ್ತಾಳೆ ಎಂದು ಹರಕು ಮುರುಕಾಗಿ, ಎಂಜಿನ್ನಿನ ಸದ್ದಿನ ಮೇಲೆ ಕಿರುಚಿದೆ. ಆತ ಅತ್ತೆಯನ್ನು ನೋಡಿದ. ಟೋಪಿಯನ್ನು ಒಮ್ಮೆ ಮುಟ್ಟಿಕೊಂಡ. ಹಲಗೆ ಕೆಳಗಿಳಿಯಿತು, ಲಾರಿ ಹೋಯಿತು.

ನಮ್ಮ ಓಣಿ ಒಂದು ಸುತ್ತು ಬಳಸಿ, ಮನೆಯ ಡೆಕ್ಕಿನ ಕೆಳಗೇ ದೊಡ್ಡ ರಸ್ತೆಗೆ ಸೇರುತ್ತದೆ. ಅತ್ತೆ ಒಳಗೆ ಬಂದವರು ಕೂರಲಿಲ್ಲ, ನೇರ ಡೆಕ್ಕಿಗೆ ಹೋದರು. ಲಾರಿ ಅಲ್ಲಿಗೆ ಬಂದು ಬದಿಗೆ ನಿಂತಿತು. ಹಿಂದಿನಿಂದ ಬಂದು ಗೇಟುಗಳ ಮುಂದಿನ ಗೋಡೆ ತೆಗೆಯುವ ಇನ್ನೊಂದು ಯಂತ್ರಕ್ಕೆ ಅದು ಕಾಯುತ್ತದೆಂದು ಆಮೇಲೆ ತಿಳಿಯಿತು. ಒಳಗಿನ ದೀಪ ಹತ್ತಿತು. ಆತ ಕೈಗವಸು ಕಳಚಿದ. ಫಾಯಿಲು ಬಿಚ್ಚಿ, ಮೂಸಿ ನೋಡಿ, ಒಂದು ತುತ್ತು ಕಚ್ಚಿದ. ಅಗಿಯುತ್ತಾ ರೊಟ್ಟಿಯನ್ನು ತಿರುಗಿಸಿ ನೋಡಿದ. ಮತ್ತೆ ಕಚ್ಚಿದ. ಕಟಕಟೆಯ ಹಿಮದ ಮೇಲೆ ಬರಿಗೈ ಊರಿ ಅತ್ತೆ ನೋಡುತ್ತಲೇ ಇದ್ದರು. ಬನ್ನಿ, ಉಂಡನಲ್ಲ ಎಂದರೂ ಬರಲಿಲ್ಲ. ಆತ ಎರಡನೇ ರೊಟ್ಟಿಯನ್ನೂ ಮುಗಿಸಿ, ಕಪ್ಪನ್ನು ಎತ್ತಿ ಪಾಯಸದ ಕೊನೆಯ ಶಾವಿಗೆಗಾಗಿ ತಳ ತಟ್ಟುವವರೆಗೂ ನೋಡಿದರು.

ಆಮೇಲೆ ಬಂದು ಕುಳಿತರು. ನಾನು ಬಿಸಿ ಮುದ್ದೆ ಬಡಿಸಿದೆ, ಸಾರು ಹಾಕಿದೆ. ಮೊದಲ ತುತ್ತು ನುಂಗಿದ ಮೇಲೆ ಅತ್ತೆಯ ಕಣ್ಣು ತುಂಬಿ ಹರಿಯತೊಡಗಿತು. ಒರೆಸಿಕೊಳ್ಳಲಿಲ್ಲ.

"ಬಸ್ಸು ನಮ್ಮನೆ ಮುಂದ್ಲಿಂದ್ಲೇ ಓಯ್ತಿತ್ತು ಕಣವ್ವ," ಎಂದರು. "ಅಲ್ಲಿ ಸ್ಟಾಪಿಲ್ಲ. ನಿಲ್ಸ್ತಿರ್ಲಿಲ್ಲ ನಿಮ್ಮಾವ. ಕಿಟಕೀಲಿ ಬುತ್ತಿ ಕೊಡೋಳು ನಾನು, ಈಸ್ಕೊಂಡು ಒಂಟೋಗೋರು. ಎಲ್ಲೋ ಆ ತುದೀಲಿ ಉಣ್ಣೋರು. ಬಿಸಿ ಇತ್ತೋ, ತಣ್ಣಗಾಗಿತ್ತೋ, ಉಪ್ಪಿತ್ತೋ ಇಲ್ವೋ. ಚಂದಾಗಿತ್ತು ಅಂತ ರಾತ್ರಿ ಬಂದು ಏಳೋರು. ಅಷ್ಟ್ ವರ್ಷ ಕೊಟ್ಟೆ, ಒಂದಿನಾನೂ ಅದ ಉಣ್ಣೋದ್ನ ನೋಡಿರ್ಲಿಲ್ಲ."

ನನ್ನ ಗಂಡ ಎದ್ದು ಅಮ್ಮನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ಇವತ್ ನೋಡ್ದೆ," ಎಂದು ಅತ್ತೆ ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದರು.